1687: ಒಂದೇ ವರ್ಷ, ಹಲವು ಪಂಚಾಂಗ

ಗೋಲ್ಕೊಂಡ ಕೋಟೆ ಔರಂಗಜೇಬನ ಕೈಸೇರಿದ್ದು 1687ರ ಸೆಪ್ಟೆಂಬರ್ 21ರಂದು ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಅಥೆನ್ಸಿನ ಪಾರ್ಥೆನಾನ್ ದೇಗುಲ ಸಿಡಿದು ಒಡೆದದ್ದು ಅದೇ ವರ್ಷದ ಸೆಪ್ಟೆಂಬರ್ 26ರಂದು. ಇವೆರಡರಲ್ಲಿ ಯಾವುದು ಮೊದಲು? ಗೋಲ್ಕೊಂಡ ಎಂದು ಯಾರಾದರೂ ಹೇಳುತ್ತಾರೆ. ತಾರೀಖು ಎರಡೂ ಸರಿ, ಉತ್ತರ ಮಾತ್ರ ತಪ್ಪು. ಪಾರ್ಥೆನಾನ್ ಸಿಡಿದು ಐದು ದಿನ ಕಳೆದ ಮೇಲೆ ಗೋಲ್ಕೊಂಡ ಬಿತ್ತು.

‘ಇತಿಹಾಸದಲ್ಲಿ ಈ ದಿನ’ ಎಂಬ ಪಟ್ಟಿಗಳು ದಿನಬೆಳಗಾದರೆ ಮೊಬೈಲಿಗೆ ಬಂದು ಬೀಳುತ್ತವೆ. ಹದಿನೇಳನೇ ಶತಮಾನದ ಘಟನೆಗಳ ಮಟ್ಟಿಗೆ ಅಂಥ ಪಟ್ಟಿಯನ್ನು ಹಾಗೇ ನಂಬುವಂತಿಲ್ಲ. ಅದರಲ್ಲಿರುವ ತಾರೀಖುಗಳು ಬೇರೆ ಬೇರೆ ಪಂಚಾಂಗಗಳಿಂದ ಬಂದವು, ಯಾವುದು ಎಲ್ಲಿಯದು ಎಂದು ಪಟ್ಟಿ ಹೇಳುವುದಿಲ್ಲ. 1687ನ್ನೇ ಉದಾಹರಣೆಗೆ ತೆಗೆದುಕೊಂಡು ಈ ಗೋಜಲನ್ನು ಬಿಡಿಸಬಹುದು. ಆ ವರ್ಷ ನಡೆದದ್ದೂ ಕಡಿಮೆಯಲ್ಲ: ದಖ್ಖನಿನ ಕೊನೆಯ ಸುಲ್ತಾನಿ ರಾಜ್ಯ ಮುಗಿಯಿತು, ಬೆಂಗಳೂರು ಕೈ ಬದಲಾಯಿಸಿತು, ಗುರುತ್ವಾಕರ್ಷಣೆಯನ್ನು ವಿವರಿಸುವ ನ್ಯೂಟನ್ನನ ಗ್ರಂಥ ‘ಪ್ರಿನ್ಸಿಪಿಯಾ’ ಅಚ್ಚಾಯಿತು, ಇಸ್ತಾಂಬುಲಿನಲ್ಲಿ ಸುಲ್ತಾನನನ್ನೇ ಕೆಳಗಿಳಿಸಿದರು.

ತಾರೀಖು ಬೇರೆ, ದಿನ ಒಂದೇ

ಯುರೋಪಿನಲ್ಲಿ ಆಗ ಎರಡು ಕ್ಯಾಲೆಂಡರ್ ಚಾಲ್ತಿಯಲ್ಲಿದ್ದವು. ಜೂಲಿಯಸ್ ಸೀಸರನ ಕಾಲದ ಹಳೆಯದು ಜೂಲಿಯನ್. ಅದರಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಅಧಿಕ ವರ್ಷ ಬರುತ್ತದೆ, ಹಾಗಾಗಿ ಸರಾಸರಿ ವರ್ಷಕ್ಕೆ 365.25 ದಿನ. ಋತುಗಳ ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. ಈ 11 ನಿಮಿಷ ಸೇರುತ್ತಾ ಹೋಗಿ ಸುಮಾರು 128 ವರ್ಷಕ್ಕೆ ಒಂದು ದಿನದ ತಪ್ಪಾಗುತ್ತದೆ. 1582ರಲ್ಲಿ ಪೋಪ್ 13ನೇ ಗ್ರೆಗೊರಿ ಹತ್ತು ದಿನಗಳನ್ನು ಒಮ್ಮೆಲೇ ಕಿತ್ತುಹಾಕಿದ. ಆ ವರ್ಷ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15. ಇದೇ ಗ್ರೆಗೋರಿಯನ್ ಕ್ಯಾಲೆಂಡರ್, ಇಂದು ನಮ್ಮ ಗೋಡೆಯ ಮೇಲಿರುವುದು.

ಪೋಪ್ ಹೇಳಿದ್ದನ್ನು ಕ್ಯಾಥಲಿಕ್ ದೇಶಗಳು ಒಪ್ಪಿದವು: ಸ್ಪೇನ್, ಪೋರ್ಚುಗಲ್, ವೆನಿಸ್, ಫ್ರಾನ್ಸ್. ಇಂಗ್ಲೆಂಡ್ 1752ರವರೆಗೆ ಒಪ್ಪಲಿಲ್ಲ, ರಷ್ಯಾ 1918ರವರೆಗೂ ಒಪ್ಪಲಿಲ್ಲ. ಇದು ದೂರದ ಯುರೋಪಿನ ಜಗಳ ಎಂದುಕೊಳ್ಳಬೇಡಿ. 1687ರಲ್ಲಿ ಗೋವೆಯ ಪೋರ್ಚುಗೀಸರು ಒಂದು ದಿನವನ್ನು ಜುಲೈ 20 ಎಂದು ಬರೆದರೆ, ಮದ್ರಾಸಿನ ಇಂಗ್ಲಿಷರ ಲೆಕ್ಕದ ಪುಸ್ತಕದಲ್ಲಿ ಅದೇ ದಿನ ಜುಲೈ 10 ಆಗಿರುತ್ತಿತ್ತು.

ಮೊಘಲ್ ದಫ್ತರಗಳು ನಡೆಯುತ್ತಿದ್ದದ್ದು ಹಿಜರಿಯಲ್ಲಿ. ಅದು ಪೂರ್ತಿ ಚಾಂದ್ರಮಾನ, ವರ್ಷಕ್ಕೆ 354 ಅಥವಾ 355 ದಿನ. ನಮ್ಮ ಪಂಚಾಂಗವೂ ಚಾಂದ್ರಮಾನವೇ ಆದರೂ ಅಧಿಕಮಾಸ ಸೇರಿಸಿಕೊಂಡು ಋತುವಿನ ಜತೆ ಹೆಜ್ಜೆ ಹಾಕುತ್ತದೆ. ಹಿಜರಿಯಲ್ಲಿ ಅಧಿಕಮಾಸವಿಲ್ಲ, ಅದಕ್ಕೇ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ರಷ್ಯನ್ನರು ಜಗತ್ತು ಸೃಷ್ಟಿಯಾದಂದಿನಿಂದ ವರ್ಷ ಎಣಿಸುತ್ತಿದ್ದರು, ಹೊಸ ವರ್ಷ ಸೆಪ್ಟೆಂಬರ್ 1ಕ್ಕೆ. ಅವರ ಪಾಲಿಗೆ 1687ರ ಆಗಸ್ಟ್ ಎಂದರೆ 7195, ಸೆಪ್ಟೆಂಬರ್ ಎಂದರೆ 7196.

ನಮ್ಮ ಲೆಕ್ಕದಲ್ಲಿ ಆ ವರ್ಷದ ಯುಗಾದಿಗೆ ಪ್ರಭವ ಸಂವತ್ಸರ ಶುರುವಾಯಿತು, ಶಾಲಿವಾಹನ ಶಕ 1609. ಅರವತ್ತು ಸಂವತ್ಸರಗಳ ಚಕ್ರ ಅಲ್ಲಿಂದಲೇ ಹೊಸದಾಗಿ ಆರಂಭ. 1987ರಲ್ಲಿ ಬಂದದ್ದೂ ಪ್ರಭವವೇ, ನಡುವೆ ಐದು ಸುತ್ತು.

ತಾಳೆ ಹಾಕುವ ಬಗೆ

ಹಳೆಯ ತಾರೀಖೊಂದು ಎದುರಾದಾಗ ಮೊದಲು ಕೇಳಬೇಕಾದ್ದು, ಅದನ್ನು ಬರೆದವರು ಯಾರು ಎಂದು. ಇಂಗ್ಲಿಷರೋ ರಷ್ಯನ್ನರೋ ಆಗಿದ್ದರೆ ಹತ್ತು ದಿನ ಕೂಡಿಸಿ. ಈ ಹತ್ತು 1700ರ ಫೆಬ್ರವರಿವರೆಗೆ ಮಾತ್ರ. 1700 ಜೂಲಿಯನ್ನಿನಲ್ಲಿ ಅಧಿಕ ವರ್ಷ, ಗ್ರೆಗೋರಿಯನ್ನಿನಲ್ಲಿ ಅಲ್ಲ, ಆದ್ದರಿಂದ ಅಲ್ಲಿಂದಾಚೆಗೆ ಹನ್ನೊಂದು ಕೂಡಿಸಬೇಕು.

ಎರಡನೆಯ ತೊಡಕು ವರ್ಷದ್ದು. ಇಂಗ್ಲೆಂಡಿನ ಕಾಗದಪತ್ರಗಳಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. ಆಗಿನ ಇಂಗ್ಲಿಷ್ ಪತ್ರದ ಮೇಲೆ ‘ಫೆಬ್ರವರಿ 1687’ ಎಂದಿದ್ದರೆ ಅದು ನಮ್ಮ ಎಣಿಕೆಯ 1688ರ ಫೆಬ್ರವರಿ. ಎಚ್ಚರಿಕೆಯ ಗುಮಾಸ್ತರು ‘1687/8’ ಎಂದು ಎರಡನ್ನೂ ಬರೆಯುತ್ತಿದ್ದರು. ಎಲ್ಲ ಗುಮಾಸ್ತರೂ ಎಚ್ಚರಿಕೆಯವರಲ್ಲ.

ನಮ್ಮ ಶಾಸನ, ಸನ್ನದುಗಳಲ್ಲಿ ಇನ್ನೊಂದು ಬಗೆಯ ಎಡವಟ್ಟು. ಸಂವತ್ಸರದ ಹೆಸರೊಂದೇ ಇದ್ದರೆ ಕಾಲ ಗೊತ್ತಾಗುವುದಿಲ್ಲ: ಪ್ರಭವ ಎಂದರೆ 1627, 1687, 1747 ಯಾವುದೂ ಆಗಬಹುದು. ಜತೆಗೆ ಶಕವರ್ಷವೋ ರಾಜನ ಹೆಸರೋ ಇರಬೇಕು. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಪುಷ್ಯ, ಮಾಘ, ಫಾಲ್ಗುಣದ ತಿಥಿಗಳು ಸಾಮಾನ್ಯವಾಗಿ ಮುಂದಿನ ಇಸವಿಗೆ ಹೋಗುತ್ತವೆ, ಅಲ್ಲಿ 79.

ಈಗ ಗೋಲ್ಕೊಂಡಕ್ಕೆ ಬನ್ನಿ. ಅದು ಬಿದ್ದ ದಿನ ಹಿಜರಿ 1098ರ ಜಿಲ್ಕಾದ್ ತಿಂಗಳ 24. ಹಿಜರಿ 1098 ಶುರುವಾದದ್ದು ಗ್ರೆಗೋರಿಯನ್ 1686ರ ನವೆಂಬರ್ 17ಕ್ಕೆ. ಜಿಲ್ಕಾದ್ ಹನ್ನೊಂದನೇ ತಿಂಗಳು. ಹಿಂದಿನ ಹತ್ತು ತಿಂಗಳಿಗೆ 295 ದಿನ ಎಣಿಸಿದರೆ ಜಿಲ್ಕಾದ್ 1 ಬರುವುದು 1687ರ ಸೆಪ್ಟೆಂಬರ್ 8ಕ್ಕೆ, 24ನೆಯ ದಿನ ಅಕ್ಟೋಬರ್ 1ಕ್ಕೆ. ಚಂದ್ರದರ್ಶನದಿಂದ ಒಂದು ದಿನ ಆಚೀಚೆ ಆಗಬಹುದು, ಅಷ್ಟೇ. ಪುಸ್ತಕಗಳಲ್ಲಿರುವ ಸೆಪ್ಟೆಂಬರ್ 21 ಇದೇ ದಿನದ ಜೂಲಿಯನ್ ರೂಪ. ನಮ್ಮ ಪಂಚಾಂಗದಲ್ಲಿ ಆಗ ಭಾದ್ರಪದದ ಕೃಷ್ಣಪಕ್ಷ, ಪಿತೃಪಕ್ಷದ ದಿನಗಳು. ಪಾರ್ಥೆನಾನಿನ ಸೆಪ್ಟೆಂಬರ್ 26 ವೆನಿಸಿನವರು ಬರೆದದ್ದು, ಅಂದರೆ ಗ್ರೆಗೋರಿಯನ್. ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಇಟ್ಟರೆ ಸರದಿ ತಿರುಗುಮುರುಗಾಗುತ್ತದೆ.

ಗೋಲ್ಕೊಂಡದಲ್ಲಿ ಮದ್ದು ತಿರುಗಿಬಿದ್ದದ್ದು

ಬಿಜಾಪುರ 1686ರ ಸೆಪ್ಟೆಂಬರಿನಲ್ಲಿ ಬಿದ್ದಿತ್ತು. ಉಳಿದದ್ದು ಅಬುಲ್ ಹಸನ್ ಕುತುಬ್ ಷಾನ ಗೋಲ್ಕೊಂಡ. ಗ್ರಾನೈಟ್ ಗುಡ್ಡದ ಸುತ್ತ ದಪ್ಪ ಕಲ್ಲಿನ ಗೋಡೆ, 87 ಕೊತ್ತಲ, ಒಳಗೆ ತುಂಬಿದ ಕಣಜ. 1687ರ ಆರಂಭದಲ್ಲಿ ಮೊಘಲರು ಮುತ್ತಿಗೆ ಹಾಕಿದರು. ಮುಗಿಯಲು ಎಂಟು ತಿಂಗಳು ಹಿಡಿಯಿತು.

ಕೋಟೆ ಮುರಿಯಲು ಆ ಕಾಲದಲ್ಲಿ ದೊಡ್ಡ ಉಪಾಯವೆಂದರೆ ಸುರಂಗ. ಮೊದಲು ಕೋಟೆಯತ್ತ ಅಂಕುಡೊಂಕಾಗಿ ಕಂದಕ ತೋಡುತ್ತಾ ಹೋಗುತ್ತಾರೆ. ನೇರವಾಗಿ ತೋಡಿದರೆ ಗೋಡೆಯ ಮೇಲಿನ ಒಂದೇ ತೋಪು ಇಡೀ ಕಂದಕದ ಉದ್ದಕ್ಕೂ ಗುಂಡು ಹಾಯಿಸಬಲ್ಲದು, ಅದಕ್ಕೇ ಈ ಡೊಂಕು. ಗೋಡೆಯ ಹತ್ತಿರ ಬಂದ ಮೇಲೆ ನೆಲದೊಳಗೆ ಇಳಿದು ಅಡಿಪಾಯದ ಕೆಳಗೆ ಕೋಣೆಯೊಂದನ್ನು ಕೊರೆದು ಸಿಡಿಮದ್ದು ತುಂಬಿ, ಬತ್ತಿ ಎಳೆದು, ಬಂದ ದಾರಿಯನ್ನು ಮಣ್ಣು ಕಲ್ಲಿನಿಂದ ಬಿಗಿಯಾಗಿ ಮುಚ್ಚುತ್ತಾರೆ. ಮುಚ್ಚುವ ಕೆಲಸದಲ್ಲೇ ಗುಟ್ಟಿರುವುದು. ಬಯಲಲ್ಲಿ ಸುರಿದ ಮದ್ದು ಬುಸ್ ಎಂದು ಉರಿದುಹೋಗುತ್ತದೆ. ಹೊರಹೋಗಲು ದಾರಿಯಿಲ್ಲದ ಕಡೆ ಅದೇ ಮದ್ದಿನ ಹೊಗೆ, ಸೀಟಿ ಕಟ್ಟಿಕೊಂಡ ಕುಕ್ಕರಿನಂತೆ, ಒತ್ತಡ ಏರಿಸಿಕೊಂಡು ಎಲ್ಲಿ ಸಡಿಲವಿದೆಯೋ ಅಲ್ಲಿ ಒಡೆದುಕೊಂಡು ಬರುತ್ತದೆ.

ಆ ಸಡಿಲ ಜಾಗ ಕೋಟೆಯ ಗೋಡೆಯಾದರೆ ಗೆಲುವು, ಬಂದ ದಾರಿಯಾದರೆ ಸ್ವಂತ ಸೈನ್ಯಕ್ಕೇ ಸಾವು. ಗೋಲ್ಕೊಂಡದಲ್ಲಿ ಎರಡನೆಯದಾಯಿತು. ಒಳಗಿನವರು ನೆಲದಡಿಯ ಕೆಲಸದ ಸುಳಿವು ಹಿಡಿದು, ಎದುರಿನಿಂದ ಪ್ರತಿಸುರಂಗ ತೋಡಿ ಮೊಘಲರ ಮದ್ದಿನ ಕೋಣೆಗೇ ಬಂದರು. ಗೋಡೆಯ ಕಡೆಯ ಮದ್ದನ್ನು ಹೊತ್ತೊಯ್ದು, ಉಳಿದದ್ದರ ಮೇಲೆ ನೀರು ಸುರಿದರು. ಹೊರಭಾಗದ ಮದ್ದು ಮಾತ್ರ ಒಣಗಿಯೇ ಉಳಿಯಿತು. ಜೂನಿನಲ್ಲಿ ಬತ್ತಿ ಹಚ್ಚಿದಾಗ ಕಲ್ಲುಮಣ್ಣೆಲ್ಲ ದಾಳಿಗೆ ಸಜ್ಜಾಗಿ ನಿಂತಿದ್ದ ಮೊಘಲ್ ಪಡೆಯ ಮೇಲೇ ಬಂದು ಬಿತ್ತು. ಎರಡನೆಯ ಸುರಂಗದ ಗತಿಯೂ ಅದೇ. ಮೂರನೆಯದು ಹೊತ್ತಿಕೊಳ್ಳಲೇ ಇಲ್ಲ.

ಮೇಲಿಂದ ಮಳೆ. ಹೊಳೆ ತುಂಬಿ ಧಾನ್ಯದ ಗಾಡಿಗಳು ಬರುವುದು ನಿಂತು, ಮುತ್ತಿಗೆ ಹಾಕಿದವರೇ ಹಸಿವಿನಿಂದ ಸತ್ತರು. ಮುತ್ತಿಗೆಯಲ್ಲಿ ಹೊರಗಿನವನಿಗೆ ಸುಖ ಎಂದು ಓದುಗರು ಅಂದುಕೊಳ್ಳುವುದುಂಟು. ಒಳಗಿನವನಿಗೆ ಕಣಜವಿದೆ, ಸೂರಿದೆ. ಹೊರಗಿನವನಿಗೆ ಕೆಸರಿನ ಬೀಡು, ದಿನದಿನದ ದವಸ ದೂರದಿಂದ ಬರಬೇಕು. ಔರಂಗಜೇಬನ ಸೇನಾಪತಿ, ಮುಂದೆ ಹೈದರಾಬಾದಿನ ಮೊದಲ ನಿಜಾಮನಾದವನ ಅಜ್ಜ ಕುಲಿಚ್ ಖಾನ್, ಈ ಮುತ್ತಿಗೆಯಲ್ಲೇ ಗಾಯಗೊಂಡು ಸತ್ತ.

ಕೊನೆಗೆ ಕೋಟೆ ತೆರೆದದ್ದು ಮದ್ದಿನಿಂದಲ್ಲ. ಅಬ್ದುಲ್ಲಾ ಪಣಿ ಎಂಬ ಒಳಗಿನ ಸರದಾರ ಲಂಚಕ್ಕೆ ಒಲಿದು, ಬೆಳಗಿನ ಜಾವ ಹಿಂಬದಿಯ ಸಣ್ಣ ಬಾಗಿಲೊಂದನ್ನು ತೆರೆದುಕೊಟ್ಟ. ಅಬುಲ್ ಹಸನನನ್ನು ದೌಲತಾಬಾದಿನಲ್ಲಿ ಸೆರೆಯಿಟ್ಟು ವರ್ಷಕ್ಕೆ 50,000 ರೂಪಾಯಿ ಗೊತ್ತುಮಾಡಿದರು.

ಬೆಂಗಳೂರು, ಶಿರಾ

ಗೋಲ್ಕೊಂಡ ಇನ್ನೂ ಬೀಳದಿರುವಾಗಲೇ ಮೊಘಲರ ಇನ್ನೊಂದು ದಂಡು ದಕ್ಷಿಣಕ್ಕೆ ಇಳಿದಿತ್ತು. ಬಿಜಾಪುರ ಹೋದ ಮೇಲೆ ಅದರ ಕರ್ನಾಟಕದ ಸೀಮೆಗಳಿಗೆ ಒಡೆಯರಿಲ್ಲದಂತಾಗಿತ್ತು. ಬೆಂಗಳೂರು ಆ ಮೊದಲು ಶಹಾಜಿಯ ಜಹಗೀರು, ಅವನ ನಂತರ ಮಗ ಏಕೋಜಿಯದು. ಏಕೋಜಿ ತಂಜಾವೂರಿನಲ್ಲಿ ರಾಜನಾಗಿ ಕೂತಿದ್ದರಿಂದ ದೂರದ ಬೆಂಗಳೂರನ್ನು ಕಾಯುವುದು ಕಷ್ಟವಾಗಿ, ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಮಾರಲು ಮಾತು ನಡೆಸಿದ್ದ. ವ್ಯಾಪಾರ ಕುದುರುವ ಮೊದಲೇ, 1687ರ ಜುಲೈನಲ್ಲಿ, ಮೊಘಲ್ ಸೇನಾನಿ ಖಾಸಿಂ ಖಾನ್ ಬೆಂಗಳೂರು ಹಿಡಿದ. ಆಮೇಲೆ ಅದೇ 3 ಲಕ್ಷಕ್ಕೆ ಅದು ಮೊಘಲರಿಂದ ಚಿಕ್ಕದೇವರಾಜರ ಪಾಲಾಯಿತು.

ಮೊಘಲರು ಮಾರಿದ್ದೇಕೆ ಎನ್ನುವ ಪ್ರಶ್ನೆ ಸಹಜ. ಅವರಿಗೆ ಬೇಕಾಗಿದ್ದದ್ದು ಊರಿಗಿಂತ ಹೆಚ್ಚಾಗಿ ಹಣ, ಜತೆಗೆ ಮರಾಠರ ವಿರುದ್ಧ ಮೈಸೂರಿನ ಸ್ನೇಹ. ಆಡಳಿತಕ್ಕೆ ಅವರು ಆರಿಸಿಕೊಂಡದ್ದು ಶಿರಾವನ್ನು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಸೇರಿ ಶಿರಾ ಸುಬಾ ಆಯಿತು. ಹೆದ್ದಾರಿಯಲ್ಲಿ ಹೋಗುತ್ತಾ ಇಂದು ಹೆಚ್ಚಿನವರು ಕಿಟಕಿಯಿಂದ ನೋಡಿ ಮುಂದೆ ಸಾಗುವ ಊರು ಹಲವು ದಶಕ ಮೊಘಲ್ ಪ್ರಾಂತ್ಯವೊಂದರ ಕೇಂದ್ರವಾಗಿತ್ತು.

ಒಂದೇ ಯುದ್ಧದ ಮೂರು ರಂಗ

ಗೋಲ್ಕೊಂಡಕ್ಕೂ ಪಾರ್ಥೆನಾನಿಗೂ ಸಂಬಂಧವಿಲ್ಲ. ಆದರೆ ಪಟ್ಟಿಗಳಲ್ಲಿ ಬಿಡಿಬಿಡಿಯಾಗಿ ಕಾಣುವ, ಪಾರ್ಥೆನಾನೂ ಸೇರಿದ ನಾಲ್ಕು ಸುದ್ದಿಗಳು ಒಂದೇ ಯುದ್ಧದವು. 1683ರಲ್ಲಿ ಒಟ್ಟೊಮನ್ನರು, ಅಂದರೆ ಇಸ್ತಾಂಬುಲಿನಿಂದ ಆಳುತ್ತಿದ್ದ ತುರ್ಕರು, ವಿಯೆನ್ನಾಕ್ಕೆ ಹಾಕಿದ ಮುತ್ತಿಗೆ ಸೋತಿತು. ಮರುವರ್ಷ ಆಸ್ಟ್ರಿಯಾ, ಪೋಲೆಂಡ್, ವೆನಿಸ್ ಪೋಪನ ಆಶೀರ್ವಾದದಿಂದ ಕೂಟ ಕಟ್ಟಿದವು, 1686ರಲ್ಲಿ ರಷ್ಯಾ ಸೇರಿತು. 1687ರ ಬೇಸಿಗೆಯಲ್ಲಿ ಒಟ್ಟೊಮನ್ನರು ಮೂರು ಕಡೆ ಒಟ್ಟಿಗೇ ಹೋರಾಡಬೇಕಾಯಿತು.

ರಷ್ಯಾದ ರಂಗ ಕ್ರಿಮಿಯಾ. ವಾಸಿಲಿ ಗೊಲಿತ್ಸಿನ್ ಒಂದು ಲಕ್ಷ ಮೀರಿದ ಸೈನ್ಯದೊಂದಿಗೆ ಹುಲ್ಲುಗಾವಲಿನ ಬಯಲಿಗೆ ಇಳಿದ. ಜೂನಿನಲ್ಲಿ ಎದುರಾದದ್ದು ಶತ್ರುವಲ್ಲ, ಸುಟ್ಟ ನೆಲ. ಕುದುರೆಯೊಂದಕ್ಕೆ ದಿನಕ್ಕೆ ಹತ್ತು ಕಿಲೋ ಆಸುಪಾಸು ಮೇವು ಬೇಕು. ಲಕ್ಷ ಕುದುರೆ ಎಂದಿಟ್ಟುಕೊಂಡರೆ ದಿನಕ್ಕೆ 1,000 ಟನ್. ಇದನ್ನು ಗಾಡಿಯಲ್ಲಿ ಹೊರಲಾಗದು, ಗಾಡಿ ಎಳೆಯುವ ಪ್ರಾಣಿಯೂ ತಿನ್ನಬೇಕಲ್ಲ. ಹುಲ್ಲು ಸುಟ್ಟರೆ ಅಲ್ಲಿಗೆ ದಂಡಯಾತ್ರೆ ಮುಗಿದಂತೆ. ಸೈನ್ಯ ಕಾದಾಡದೆಯೇ ಹಿಂತಿರುಗಿತು. ತಪ್ಪನ್ನು ಕೊಸಾಕ್ ಮುಖಂಡ ಸಮೊಯ್ಲೊವಿಚ್ ತಲೆಗೆ ಕಟ್ಟಿ ಇಳಿಸಿದರು, ಆ ಜಾಗಕ್ಕೆ ಇವಾನ್ ಮಜೆಪಾ ಬಂದ.

ಹಂಗೇರಿಯಲ್ಲಿ ಆಗಸ್ಟ್ 12ರಂದು ಮೊಹಾಚ್ ಬಳಿ ಒಟ್ಟೊಮನ್ ಸೈನ್ಯ ನುಚ್ಚುನೂರಾಯಿತು. 1526ರಲ್ಲಿ ಇದೇ ಮೊಹಾಚಿನಲ್ಲಿ ಗೆದ್ದು ಅವರು ಹಂಗೇರಿಗೆ ಕಾಲಿಟ್ಟಿದ್ದರು.

ಮೂರನೆಯ ರಂಗ ಗ್ರೀಸ್. ವೆನಿಸಿನ ಫ್ರಾಂಚೆಸ್ಕೊ ಮೊರೊಸಿನಿ ಅಥೆನ್ಸಿಗೆ ಬಂದಾಗ ತುರ್ಕರ ಕಾವಲು ಪಡೆ ಅಕ್ರೊಪೊಲಿಸ್ ಗುಡ್ಡ ಹತ್ತಿ ಕೂತಿತು. ಪಾರ್ಥೆನಾನ್ ಆಗ ಪಾಳು ಗುಡಿಯಲ್ಲ. ಎರಡು ಸಾವಿರ ವರ್ಷ ದಾಟಿದ ಆ ಕಟ್ಟಡ ದೇಗುಲವಾಗಿ, ಚರ್ಚಾಗಿ, ಮಸೀದಿಯಾಗಿ ಬಳಕೆಯಲ್ಲೇ ಇತ್ತು, ಸೂರೂ ಇತ್ತು. ದಪ್ಪ ಗೋಡೆಯ ಭರವಸೆಯಿಂದ ಮದ್ದನ್ನು ಅಲ್ಲೇ ಇಟ್ಟರು, ಹೆಂಗಸರು ಮಕ್ಕಳೂ ಅಲ್ಲೇ ಅಡಗಿದರು. ಸಾಮಾನ್ಯ ತೋಪಿನ ಗುಂಡು ಹೆಚ್ಚುಕಡಿಮೆ ನೇರ ಹೋಗಿ ಗೋಡೆಗೆ ಬಡಿಯುತ್ತದೆ, ಅದಕ್ಕೆ ಆ ಗೋಡೆ ತಡೆಯೊಡ್ಡುತ್ತಿತ್ತು. ವೆನಿಸಿನವರು ತಂದದ್ದು ಮಾರ್ಟರ್: ಗಿಡ್ಡ ನಳಿಗೆಯ ತೋಪು, ಗುಂಡನ್ನು ಎತ್ತರಕ್ಕೆ ಎಸೆದು ಮೇಲಿನಿಂದ ಬೀಳಿಸುವಂಥದು. ಗುಂಡು ಟೊಳ್ಳು, ಒಳಗೆ ಮದ್ದು, ಹೊರಗೆ ಉರಿಯುವ ಬತ್ತಿ. ಬತ್ತಿಯ ಉದ್ದ ಕತ್ತರಿಸಿ ಸಿಡಿಯುವ ಹೊತ್ತು ಗೊತ್ತುಮಾಡುತ್ತಿದ್ದರು. ಸೆಪ್ಟೆಂಬರ್ 26ರ ಸಂಜೆ ಅಂಥದೊಂದು ಸೂರಿನ ಮೂಲಕ ಒಳಗೆ ಬಿತ್ತು. ಸುಮಾರು 300 ಜನ ಸತ್ತರು, ನಡುಭಾಗದ ಗೋಡೆಗಳೂ ಎರಡೂ ಬದಿಯ ಕಂಬಗಳೂ ಉರುಳಿದವು. ಇಂದಿನ ಫೋಟೋಗಳಲ್ಲಿ ಪಾರ್ಥೆನಾನಿನ ಎರಡು ತುದಿ ಗಟ್ಟಿಯಾಗಿ, ನಡುವೆ ಬಯಲಾಗಿ ಕಾಣುವುದಕ್ಕೆ ಮುಖ್ಯ ಕಾರಣ ಇದೇ. ಸಾಲದೆಂಬಂತೆ ಮೊರೊಸಿನಿ ಪಶ್ಚಿಮ ಮುಖದ ಕುದುರೆಗಳ ಶಿಲ್ಪವನ್ನು ಇಳಿಸಿ ಒಯ್ಯಲು ಹೋಗಿ, ಹಗ್ಗ ಕಪ್ಪಿ ಕಿತ್ತುಹೋಗಿ ಅವೂ ಚೂರಾದವು. ಇಷ್ಟೆಲ್ಲ ಮಾಡಿ ಗೆದ್ದ ಅಥೆನ್ಸನ್ನು ವೆನಿಸಿನವರು ಮರುವರ್ಷವೇ ಬಿಟ್ಟುಹೋದರು.

ಸೋತುಬಂದ, ಸಂಬಳ ಕಾಣದ ಸೈನಿಕರು ದಂಗೆಯೆದ್ದು ಇಸ್ತಾಂಬುಲಿಗೆ ನಡೆದರು. ನವೆಂಬರ್ 8ರಂದು ಸುಲ್ತಾನ 4ನೇ ಮೆಹ್ಮದನನ್ನು ಇಳಿಸಿ ಅವನ ತಮ್ಮ 2ನೇ ಸುಲೇಮಾನನನ್ನು ಕೂರಿಸಿದರು. ಆತ ಬದುಕಿನ ಬಹುಪಾಲು ಅರಮನೆಯ ಒಳಸೆರೆಯಲ್ಲೇ ಕಳೆದವನು. ಕರೆಯಲು ಬಂದವರನ್ನು ಕಂಡು ಕೊಲ್ಲಲು ಬಂದಿದ್ದಾರೆಂದೇ ಹೆದರಿದನಂತೆ.

ಚಂದ್ರ ನಿಮಿಷಕ್ಕೆ ಎಷ್ಟು ಬೀಳುತ್ತಾನೆ?

ಜುಲೈ 5ಕ್ಕೆ ಲಂಡನ್ನಿನಲ್ಲಿ ‘ಪ್ರಿನ್ಸಿಪಿಯಾ’ ಹೊರಬಂತು. ಜೂಲಿಯನ್ ಲೆಕ್ಕ, ಪ್ಯಾರಿಸ್ಸಿನಲ್ಲಿ ಅಂದು ಜುಲೈ 15. ಪ್ರಕಟಿಸಬೇಕಿದ್ದ ರಾಯಲ್ ಸೊಸೈಟಿ ಮೀನುಗಳ ಕುರಿತ ಸಚಿತ್ರ ಗ್ರಂಥವೊಂದಕ್ಕೆ ದುಡ್ಡು ಸುರಿದು ಕೈ ಖಾಲಿ ಮಾಡಿಕೊಂಡಿತ್ತು. ಅಚ್ಚಿನ ಖರ್ಚು ಕೊಟ್ಟವನು ಸೊಸೈಟಿಯ ಗುಮಾಸ್ತನಾಗಿದ್ದ ಖಗೋಳಜ್ಞ ಎಡ್ಮಂಡ್ ಹ್ಯಾಲಿ. ಅವನ ಸಂಬಳಕ್ಕೆ ಬದಲಾಗಿ ಸೊಸೈಟಿ ಕೊಟ್ಟದ್ದು, ಮಾರಾಟವಾಗದ ಅದೇ ಮೀನಿನ ಪುಸ್ತಕದ ಪ್ರತಿಗಳನ್ನು.

ಪುಸ್ತಕದ ಹುರುಳನ್ನು ಒಂದು ಲೆಕ್ಕದಲ್ಲಿ ಹಿಡಿಯಬಹುದು. ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ಕೇಂದ್ರದಿಂದ ಕಲ್ಲು ಇರುವುದಕ್ಕಿಂತ ಚಂದ್ರ ಸುಮಾರು 60 ಪಟ್ಟು ದೂರ. ದೂರ ಎರಡು ಪಟ್ಟಾದರೆ ಸೆಳೆತ ಕಾಲು ಭಾಗ, ಮೂರು ಪಟ್ಟಾದರೆ ಒಂಬತ್ತನೆಯ ಒಂದು. 60 ಪಟ್ಟಿಗೆ 3,600ರಲ್ಲಿ ಒಂದು. ಇತ್ತ, ಬೀಳುವ ದೂರ ಕಾಲದ ವರ್ಗದಂತೆ ಬೆಳೆಯುತ್ತದೆ: 60 ಸೆಕೆಂಡಿಗೆ 3,600 ಪಟ್ಟು. ಒಂದು 3,600 ಇನ್ನೊಂದನ್ನು ಹೊಡೆದುಹಾಕುತ್ತದೆ. ಅಂದರೆ ಕಲ್ಲು ಒಂದು ಸೆಕೆಂಡಿನಲ್ಲಿ ಬಿದ್ದಷ್ಟೇ, 4.9 ಮೀಟರ್, ಚಂದ್ರ ಒಂದು ನಿಮಿಷದಲ್ಲಿ ಬೀಳಬೇಕು. ಆಕಾಶದಲ್ಲಿ ಅಳೆದು ನೋಡಿದರೂ ಅಷ್ಟೇ ಬರುತ್ತದೆ. ಆ ಒಂದು ನಿಮಿಷದಲ್ಲಿ ಚಂದ್ರ ಪಕ್ಕಕ್ಕೆ 61 ಕಿಲೋಮೀಟರ್ ಓಡಿರುತ್ತಾನೆ, ಹಾಗಾಗಿ ನೆಲಕ್ಕೆ ಬಂದು ಮುಟ್ಟದೆ ಸುತ್ತುತ್ತಲೇ ಇರುತ್ತಾನೆ. ಭೂಮಿಗೊಂದು ನಿಯಮ, ಆಕಾಶಕ್ಕೊಂದು ನಿಯಮ ಎಂಬ ಹಳೆಯ ವಿಂಗಡಣೆ ಇಲ್ಲಿಗೆ ಬಿತ್ತು.

ಕಡಲಿನ ಭರತದ ವಿವರಣೆಗೆ ನ್ಯೂಟನ್ ಏಷ್ಯಾದ ಉದಾಹರಣೆಯನ್ನೂ ಬಳಸಿದ್ದಾನೆ. ಇಂದಿನ ಉತ್ತರ ವಿಯೆಟ್ನಾಮಿನ ಟೊಂಕಿನ್ ಕರಾವಳಿಯಲ್ಲಿ ದಿನಕ್ಕೆ ಎರಡರ ಬದಲು ಒಂದೇ ಭರತ ಬರುವುದೇಕೆ ಎಂದು.

ನಂಟಿಲ್ಲದವು

ಎಲ್ಲವನ್ನೂ ಒಂದು ದಾರಕ್ಕೆ ಪೋಣಿಸಹೋಗಬಾರದು. ಮಾರ್ಚ್ 19ರಂದು ಫ್ರೆಂಚ್ ಅನ್ವೇಷಕ ಲಾ ಸಾಲ್‌ನನ್ನು ಇಂದಿನ ಟೆಕ್ಸಾಸಿನಲ್ಲಿ ಅವನ ಜನರೇ ಕೊಂದರು. ಮಿಸಿಸಿಪ್ಪಿಯ ಮುಖ ಹುಡುಕಿ ಹೊರಟವನು ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಹೋಗಿ ಇಳಿದಿದ್ದ. ಅಕ್ಷಾಂಶವನ್ನು ಸೂರ್ಯನ ಎತ್ತರದಿಂದ ಅಳೆಯಬಹುದು. ರೇಖಾಂಶಕ್ಕೆ ಊರಿನ ಸಮಯ ತೋರಿಸುವ ನಿಖರ ಗಡಿಯಾರ ಬೇಕು, ಅಲುಗಾಡುವ ಹಡಗಿನಲ್ಲಿ ಕೆಡದೆ ನಡೆಯುವಂಥ ಗಡಿಯಾರ ಆಗ ಇರಲಿಲ್ಲ. ಗಡಿಯಾರ ಒಂದು ನಿಮಿಷ ತಪ್ಪಿದರೆ ಆ ಅಕ್ಷಾಂಶದಲ್ಲಿ ಸುಮಾರು 25 ಕಿಲೋಮೀಟರ್ ತಪ್ಪಿದಂತೆ.

ಅಕ್ಟೋಬರ್ 20ರ ಮುಂಜಾವು ಪೆರುವಿನ ಲಿಮಾ ಎರಡು ಬಾರಿ ನಡುಗಿ ಕುಸಿಯಿತು, ಕಲ್ಯಾವೊ ಬಂದರಿಗೆ ಸುನಾಮಿ ನುಗ್ಗಿತು. ಪೆಸಿಫಿಕ್ ತಳದ ನಾಜ್ಕಾ ಫಲಕ ದಕ್ಷಿಣ ಅಮೆರಿಕದ ಅಡಿಗೆ ನುಸುಳುವ ಗೆರೆ ಅದು, ಅಲ್ಲಿ ಕಂಪನ ಹೊಸತಲ್ಲ. ಅಂಗೋಲಾದಿಂದ ತಂದ ಗುಲಾಮನೊಬ್ಬ ಗೋಡೆಯ ಮೇಲೆ ಬಿಡಿಸಿದ್ದ ಶಿಲುಬೆಯ ಏಸುವಿನ ಚಿತ್ರ ಈ ಸಲವೂ ಉಳಿಯಿತು. ಅದರ ಪ್ರತಿಯನ್ನು ಹೊತ್ತು ಜನ ಬೀದಿಗೆ ಬಂದರು. ಲಿಮಾದಲ್ಲಿ ಇಂದಿಗೂ ಅಕ್ಟೋಬರಿನಲ್ಲಿ ಆ ಮೆರವಣಿಗೆ ನಡೆಯುತ್ತದೆ. ಜಪಾನಿನಲ್ಲಿ ಶೋಗನ್ ತ್ಸುನಾಯೋಶಿ ನಾಯಿ ಮೊದಲಾದ ಪ್ರಾಣಿಗಳಿಗೆ ದಯೆ ತೋರುವ ಕಟ್ಟಳೆಗಳನ್ನು ಬಿಗಿಮಾಡಿದ್ದೂ ಇದೇ ಹೊತ್ತಿಗೆ.

ಮದ್ರಾಸಿನ ಸನ್ನದು

ಜುಲೈನಲ್ಲಿ ಎಲಿಹು ಯೇಲ್ ಮದ್ರಾಸಿನ ಗವರ್ನರನಾದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಬಂದದ್ದು ಈತನಿಂದಲೇ. ಮದ್ರಾಸು ಅದುವರೆಗೆ ಗೋಲ್ಕೊಂಡಕ್ಕೆ ವರ್ಷದ ಬಾಡಿಗೆ ಕಟ್ಟುತ್ತಿದ್ದ ನೆಲ. ಕುತುಬ್ ಷಾಹಿ ಹೋದ ಮೇಲೆ ಅಲ್ಲಿಯ ಇಂಗ್ಲಿಷರು ಮೊಘಲರೊಂದಿಗೆ ವ್ಯವಹರಿಸಬೇಕಾಯಿತು, ಅದೂ ಇಂಗ್ಲಿಷ್ ಕಂಪನಿ ಬಂಗಾಳದಲ್ಲಿ ಮೊಘಲರ ಮೇಲೇ ಕಾಳಗಕ್ಕೆ ಇಳಿದಿದ್ದ ಹೊತ್ತಿನಲ್ಲಿ. ಪಶ್ಚಿಮ ಕರಾವಳಿಯಲ್ಲಿ ಕಂಪನಿ ಮೊಘಲರ ಸೂರತ್ ಬಿಟ್ಟು ತನ್ನ ಕೇಂದ್ರವನ್ನು ಮುಂಬಯಿಗೆ ಸಾಗಿಸಿದ್ದೂ ಇದೇ ವರ್ಷ.

ಡಿಸೆಂಬರ್ 30ರಂದು ಕಂಪನಿ ಮದ್ರಾಸಿಗೆ ನಗರಸಭೆಯ ಸನ್ನದು ಕೊಟ್ಟಿತು. ಒಬ್ಬ ಮೇಯರ್, 12 ಆಲ್ಡರ್‌ಮನ್‌ಗಳು, ಅಂದರೆ ನಗರಸಭೆಯ ಹಿರಿಯ ಸದಸ್ಯರು. ಇಂಗ್ಲಿಷರ ಜತೆ ಫ್ರೆಂಚ್, ಪೋರ್ಚುಗೀಸ್, ಯಹೂದಿ ಹಾಗೂ ಹಿಂದೂ ವರ್ತಕರಿಗೂ ಅದರಲ್ಲಿ ಜಾಗವಿತ್ತು. ಊರಿನ ತೆರಿಗೆಯನ್ನು ಊರವರ ಕೈಯಿಂದಲೇ ಹಾಕಿಸಿದರೆ ಗೊಣಗಾಟ ಕಡಿಮೆಯಾದೀತು ಎಂಬ ಲೆಕ್ಕಾಚಾರ. ಸಭೆ ಕೂತದ್ದು 1688ರ ಸೆಪ್ಟೆಂಬರ್ 29ಕ್ಕೆ. ಇಂದಿನ ಚೆನ್ನೈ ಮಹಾನಗರ ಪಾಲಿಕೆ ಅದರ ವಾರಸುದಾರ. ಸನ್ನದಿನ ತಾರೀಖು ಇಂಗ್ಲಿಷರ ಜೂಲಿಯನ್ ಲೆಕ್ಕದ್ದು. ಹತ್ತು ದಿನ ಕೂಡಿಸಿದರೆ ಅದು 1688ರ ಜನವರಿ 9.